ಅಳಿಸಿದ ಪೋಸ್ಟ್ ಎಲ್ಲಿ ಉಳಿಯುತ್ತದೆ, ಯಾರಿಗೆ ಕಾಣುತ್ತದೆ: ಹುಡುಕುವ ಮತ್ತು ತೆಗೆಸುವ ಕ್ರಮ

ಕೊಪ್ಪಳದಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ, ಝೆರಾಕ್ಸ್ ತೆಗೆಯುವ ನನ್ನ ಚಿಕ್ಕ ಅಂಗಡಿಗೆ ಒಂದೇ ಪ್ರಶ್ನೆಯನ್ನು ಎರಡು ಬಗೆಯಲ್ಲಿ ಕೇಳಿಕೊಂಡು ಜನ ಬರುತ್ತಾರೆ. ಕೆಲವರಿಗೆ ಕೈತಪ್ಪಿ ಅಳಿಸಿದ ಫೋಟೊ ಮರಳಿ ಬೇಕು. ಇನ್ನು ಕೆಲವರಿಗೆ, ತಾವು ಬೇಕೆಂದೇ ಅಳಿಸಿದ್ದು ಬೇರೆಯವರ ಕಣ್ಣಿಗೆ ಇನ್ನೂ ಬೀಳುತ್ತಿದೆಯೇ ಎಂಬ ಆತಂಕ. ಇಬ್ಬರಿಗೂ ನಾನು ಮೊದಲು ತಿಳಿಸುವುದು ಇಷ್ಟೇ: ಒಂದು ಪೋಸ್ಟ್‌ಗೆ ಒಂದೇ ಪ್ರತಿ ಇರುವುದಿಲ್ಲ. ನಿಮ್ಮ ಖಾತೆಯಲ್ಲಿ ಒಂದು, ಕಂಪನಿಯ ಸರ್ವರ್‌ನಲ್ಲಿ ಒಂದು, ನೋಡಿದವರ ಫೋನುಗಳಲ್ಲಿ ಇನ್ನೆಷ್ಟೋ ಇರಬಹುದು. ಡಿಲೀಟ್ ಒತ್ತಿದಾಗ ಇವುಗಳಲ್ಲಿ ಯಾವುದು ಹೋಯಿತು, ಯಾವುದು ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ನೋಡಬೇಕು.

ನಿಮ್ಮದೇ ಖಾತೆಯಿಂದ ಆರಂಭಿಸೋಣ. ಕಿನ್ನಾಳದ ಹೆಣ್ಣುಮಗಳೊಬ್ಬರು ಒಮ್ಮೆ ಕಣ್ಣಲ್ಲಿ ನೀರು ತುಂಬಿಕೊಂಡು ಅಂಗಡಿಗೆ ಬಂದಿದ್ದರು. ಅವರದು ಕಟ್ಟಿಗೆಯ ಗೊಂಬೆ ಮಾಡುವ ಮನೆತನ. ತೀರಿಕೊಂಡ ಅಜ್ಜ ಗರುಡನ ರೆಕ್ಕೆಗೆ ಬಣ್ಣ ಹಚ್ಚುತ್ತಿದ್ದ ಫೋಟೊ ಅವರ ಇನ್‌ಸ್ಟಾಗ್ರಾಮ್ ಪುಟದಲ್ಲಿ ಮಾತ್ರ ಇತ್ತು; ಅದನ್ನು ತೆಗೆದಿದ್ದ ಹಳೆಯ ಫೋನು ಎಂದೋ ಕೆಟ್ಟುಹೋಗಿತ್ತು. ಪುಟವನ್ನು ಚೊಕ್ಕ ಮಾಡಲು ಹೋದ ತಮ್ಮ, ಬೇಡವಾದ ಚಿತ್ರಗಳ ಜೊತೆಗೆ ಅದನ್ನೂ ಅಳಿಸಿಬಿಟ್ಟಿದ್ದ. ನಾವು ಪ್ರೊಫೈಲ್‌ಗೆ ಹೋಗಿ, ಮೇಲಿನ ಮೂರು ಗೆರೆಗಳನ್ನು ಒತ್ತಿ, ‘ಯುವರ್ ಆಕ್ಟಿವಿಟಿ’ಯೊಳಗಿನ ‘ರೀಸೆಂಟ್ಲಿ ಡಿಲೀಟೆಡ್’ ತೆರೆದಾಗ ಅಜ್ಜನ ಚಿತ್ರ ಅಲ್ಲಿಯೇ ಇತ್ತು, ಮೂಲೆಯಲ್ಲಿ ಇನ್ನು 4 ದಿನ ಬಾಕಿ ಎಂಬ ಗುರುತಿತ್ತು. ‘ರಿಸ್ಟೋರ್’ ಒತ್ತಿದರೆ ಒಟಿಪಿ ಕೇಳಿತು; ಖಾತೆ ಕದ್ದವರು ಹಳೆಯ ಚಿತ್ರಗಳನ್ನು ಪೂರ್ತಿ ಅಳಿಸದಂತೆ ಇಟ್ಟಿರುವ ಕಾವಲು ಅದು. ಒಟಿಪಿ ಹೋದದ್ದು ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ದುಡಿಯುವ ತಮ್ಮನ ನಂಬರಿಗೆ. ಫೋನ್ ಹಚ್ಚಿ, ಗಿರಣಿಯ ಸದ್ದಿನಲ್ಲಿ ಅವನು ಎರಡು ಸಲ ಓದಿ ಹೇಳಿದ ಅಂಕಿಗಳನ್ನು ಹಾಕಿದ ಮೇಲೆ ಫೋಟೊ ಪುಟಕ್ಕೆ ಮರಳಿತು.

ಇನ್‌ಸ್ಟಾಗ್ರಾಮ್‌ನಲ್ಲಿ ಈ ಅವಧಿ 30 ದಿನ, ಆರ್ಕೈವ್‌ಗೆ ಸೇರದ ಸ್ಟೋರಿಗಳಿಗೆ ಮಾತ್ರ 24 ಗಂಟೆ. ಫೇಸ್‌ಬುಕ್‌ನಲ್ಲಿ ಸೆಟ್ಟಿಂಗ್ಸ್‌ನಿಂದ ‘ಆಕ್ಟಿವಿಟಿ ಲಾಗ್’ಗೆ ಹೋದರೆ ‘ಟ್ರ್ಯಾಶ್’ ಸಿಗುತ್ತದೆ, ಅಲ್ಲಿಯೂ 30 ದಿನವೇ. ಈ ಬುಟ್ಟಿಯಲ್ಲಿ ಇರುವುದು ಖಾತೆದಾರರಿಗೆ ಬಿಟ್ಟು ಬೇರೆ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಮರಳಿ ಬೇಕೆನ್ನುವವರು ದಿನ ಎಣಿಸುತ್ತ ಕೂಡದೆ ಕೂಡಲೇ ನೋಡಬೇಕು. ಬೇಡವೇ ಬೇಡ ಎನ್ನುವವರು ಬುಟ್ಟಿಗೆ ಹೋಗಿ ಅಲ್ಲಿಂದಲೂ ಅಳಿಸಬೇಕು. ‘ಆರ್ಕೈವ್’ ಎಂಬುದು ಬೇರೆಯೇ ವಿಷಯ. ಅದು ಅಳಿಸುವುದಲ್ಲ, ಬಚ್ಚಿಡುವುದು, ಅದಕ್ಕೆ ದಿನದ ಮಿತಿಯಿಲ್ಲ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಇಂತಹ ಬುಟ್ಟಿ ಇಲ್ಲವಾದ್ದರಿಂದ, ಮೊದಲೇ ಇಳಿಸಿಕೊಂಡ ಖಾತೆಯ ಪ್ರತಿ ಇದ್ದರಷ್ಟೇ ಉಪಯೋಗ.

ಬುಟ್ಟಿಯಿಂದಲೂ ಹೋದ ಮೇಲೆ ಕಂಪನಿಯ ಪ್ರತಿಯ ಮಾತು ಬರುತ್ತದೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗಳ ಒಡೆತನದ ಮೆಟಾ ಕಂಪನಿಯ ಖಾಸಗಿತನದ ನೀತಿಯ ಪ್ರಕಾರ ಸರ್ವರ್‌ನಿಂದ ಅಳಿಸಲು 90 ದಿನಗಳವರೆಗೆ, ಅನಂತರ ಬ್ಯಾಕಪ್‌ಗಳಿಂದ ತೆಗೆಯಲು ಮತ್ತೆ 90 ದಿನಗಳವರೆಗೆ ಹಿಡಿಯಬಹುದು. ಈ ಅವಧಿಯಲ್ಲಿ ಅದು ನಿಮಗಾಗಲಿ ನಿಮ್ಮ ನೆರೆಯವರಿಗಾಗಲಿ ಸಿಗುವುದಿಲ್ಲ, ಆದರೆ ಡಿಲೀಟ್ ಒತ್ತಿದ ಗಳಿಗೆಯಲ್ಲೇ ಇಲ್ಲವಾಯಿತು ಎಂದು ತಿಳಿಯುವುದೂ ತಪ್ಪು.

ಜನರಿಗೆ ನಿಜವಾಗಿ ತೊಂದರೆ ಕೊಡುವುದು ಮೂರನೆಯ ಬಗೆಯ ಪ್ರತಿಗಳು, ಅಂದರೆ ನೋಡಿದವರ ಬಳಿ ಉಳಿದವು. ಫೇಸ್‌ಬುಕ್‌ನಲ್ಲಿ ನಿಮ್ಮ ಪೋಸ್ಟನ್ನು ಬೇರೆಯವರು ‘ಶೇರ್’ ಒತ್ತಿ ಹಂಚಿಕೊಂಡಿದ್ದರೆ, ಮೂಲವನ್ನು ಅಳಿಸಿದ ಕೂಡಲೇ ಅವರ ಪುಟದಲ್ಲಿಯೂ ಅದು ಕಾಣದಾಗುತ್ತದೆ. ಆದರೆ ಫೋಟೊವನ್ನು ಇಳಿಸಿಕೊಂಡು ತಾವೇ ಹೊಸದಾಗಿ ಹಾಕಿದ್ದರೆ ಅಥವಾ ಸ್ಕ್ರೀನ್‌ಶಾಟ್ ತೆಗೆದು ಓಣಿಯ ವಾಟ್ಸಾಪ್ ಗುಂಪಿಗೆ ಕಳಿಸಿದ್ದರೆ, ನಿಮ್ಮ ಡಿಲೀಟ್ ಅಲ್ಲಿಗೆ ಮುಟ್ಟುವುದೇ ಇಲ್ಲ. ವಾಟ್ಸಾಪ್‌ನಲ್ಲಿ ‘ಡಿಲೀಟ್ ಫಾರ್ ಎವ್ರಿವನ್’ ಮಾಡಲು ಕಳಿಸಿದಾಗಿನಿಂದ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಸಮಯವಿದೆ. ಗಡಿಬಿಡಿಯಲ್ಲಿ ‘ಡಿಲೀಟ್ ಫಾರ್ ಮಿ’ ಒತ್ತಿದರೆ ನಿಮ್ಮ ಫೋನಿನಿಂದ ಮಾತ್ರ ಹೋಗಿ, ಉಳಿದವರಿಗೆಲ್ಲ ಕಾಣುತ್ತಲೇ ಇರುತ್ತದೆ. ಎಲ್ಲರಿಗೂ ಅಳಿಸಿದ ನಂತರವೂ ಗ್ಯಾಲರಿಗೆ ಇಳಿದ ಫೋಟೊ ಉಳಿದಿರಬಹುದು. ಆಂಡ್ರಾಯ್ಡ್ 11 ಮತ್ತು ಅನಂತರದ ಫೋನುಗಳಲ್ಲಿ ‘ನೋಟಿಫಿಕೇಶನ್ ಹಿಸ್ಟರಿ’ ಮೊದಲೇ ಆನ್ ಆಗಿದ್ದರೆ, ಅಳಿಸಿದ ಸಂದೇಶದ ಅಕ್ಷರಗಳು ಹಿಂದಿನ 24 ಗಂಟೆಯ ಪಟ್ಟಿಯಲ್ಲಿ ಓದಲು ಸಿಗುತ್ತವೆ.

ಅಳಿಸಿದ ಸಂದೇಶಗಳನ್ನು ತೋರಿಸುತ್ತೇವೆ ಎನ್ನುವ ಆ್ಯಪ್‌ಗಳಲ್ಲಿ ಬಹಳಷ್ಟು ಮಾಡುವುದೂ ಇದನ್ನೇ. ಅವು ನೋಟಿಫಿಕೇಶನ್ ಓದುವ ಅನುಮತಿ ಕೇಳುತ್ತವೆ, ಮತ್ತು ಬ್ಯಾಂಕಿನ ಒಟಿಪಿ ಬರುವುದೂ ನೋಟಿಫಿಕೇಶನ್‌ನಲ್ಲಿಯೇ. ದಯವಿಟ್ಟು ಅವುಗಳನ್ನು ಹಾಕಿಕೊಳ್ಳಬೇಡಿ. ಬೇರೆಯವರ ಅಳಿಸಿದ ಪೋಸ್ಟ್ ತೋರಿಸುತ್ತೇನೆಂದು ಹಣ ಅಥವಾ ಪಾಸ್‌ವರ್ಡ್ ಕೇಳುವವರನ್ನೂ ನಂಬಬೇಡಿ.

ಎಲ್ಲರಿಗೂ ತೆರೆದಿದ್ದ ಪುಟವಾದರೆ ನೋಡಬೇಕಾದ ಎರಡು ಕಡೆಗಳಿವೆ. ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷಿನ್‌ನಲ್ಲಿ ಪುಟದ ಪೂರ್ತಿ ವಿಳಾಸ ಹಾಕಿದರೆ, ಹಳೆಯ ಪ್ರತಿ ಇದ್ದ ದಿನಾಂಕಗಳು ಕ್ಯಾಲೆಂಡರ್‌ನಲ್ಲಿ ಕಾಣುತ್ತವೆ. ಸುದ್ದಿತಾಣಗಳು ಅಲ್ಲಿ ಚೆನ್ನಾಗಿ ಸಿಗುತ್ತವೆ, ಲಾಗಿನ್ ಬೇಕಾದ ಖಾಸಗಿ ಪೋಸ್ಟ್‌ಗಳು ಸಿಗುವುದಿಲ್ಲ. ಗೂಗಲ್ ತಾನು ಇಟ್ಟುಕೊಂಡ ಹಳೆಯ ಪ್ರತಿಯ ಕೊಂಡಿಯನ್ನು 2024ರಲ್ಲಿ ತೆಗೆದುಹಾಕಿತು. ಆದರೂ ಅಳಿಸಿದ ಪುಟದ ಒಂದೆರಡು ಸಾಲು ಹುಡುಕಾಟದಲ್ಲಿ ಕೆಲ ಕಾಲ ಕಾಣಬಹುದು. ಗೂಗಲ್‌ನ ‘ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್’ ಪುಟದಲ್ಲಿ ಆ ಕೊಂಡಿಯನ್ನು ಹಾಕಿ ತೆಗೆಯಲು ಕೋರಬೇಕು.

ನಿಮ್ಮ ಖಾಸಗಿ ಚಿತ್ರವನ್ನು ಯಾರಾದರೂ ಹರಡುತ್ತಿದ್ದರೆ ಅಥವಾ ಹರಡುವ ಬೆದರಿಕೆ ಹಾಕಿದ್ದರೆ, ‘ಸ್ಟಾಪ್‌ಎನ್‌ಸಿಐಐ’ ಎಂಬ ಉಚಿತ ತಾಣವಿದೆ. ಅದು ಚಿತ್ರವನ್ನು ತನ್ನಲ್ಲಿಗೆ ಪಡೆಯುವುದಿಲ್ಲ. ನಿಮ್ಮ ಫೋನಿನಲ್ಲಿಯೇ ಅದರ ಬೆರಳಚ್ಚಿನಂತಹ ಸಂಕೇತವನ್ನು ಮಾಡಿ, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮುಂತಾದ ಸಹಭಾಗಿ ಕಂಪನಿಗಳಿಗೆ ಆ ಸಂಕೇತವನ್ನಷ್ಟೇ ಕಳಿಸುತ್ತದೆ. ಅದು 18 ವರ್ಷ ತುಂಬಿದವರಿಗೆ. ಚಿಕ್ಕವರ ಚಿತ್ರಗಳಿಗೆ ‘ಟೇಕ್ ಇಟ್ ಡೌನ್’ ಎಂಬ ಇನ್ನೊಂದು ಸೇವೆ ಇದೆ.

ಬೈದು, ಬೆದರಿಸಿ ಪೋಸ್ಟ್ ಹಾಕಿ, ಆಮೇಲೆ ಅಳಿಸಿ ‘ನಾನು ಹಾಕಿಯೇ ಇಲ್ಲ’ ಎನ್ನುವವರ ವಿಷಯದಲ್ಲಿ ಸಮಯ ಬಹಳ ಮುಖ್ಯ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ನ್ಯಾಯಾಲಯದ ಅಥವಾ ಸರ್ಕಾರದ ಆದೇಶದಿಂದ, ಬಳಕೆದಾರರ ದೂರಿನಿಂದ, ಅಥವಾ ನಿಯಮ ಮೀರಿದ್ದಕ್ಕಾಗಿ ಕಂಪನಿಯೇ ತೆಗೆದುಹಾಕಿದ ಮಾಹಿತಿಯನ್ನು ತನಿಖೆಗಾಗಿ 180 ದಿನ ಕಾಪಾಡಬೇಕು. ಹಾಕಿದವನು ತಾನಾಗಿಯೇ ಅಳಿಸಿದ್ದಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಆದ್ದರಿಂದ ಹಾಕಿದವನಿಗೆ ಫೋನ್ ಮಾಡಿ ‘ಅಳಿಸು’ ಎಂದು ಜಗಳ ತೆಗೆಯುವ ಮೊದಲು, ಪೋಸ್ಟ್‌ನ ಕೊಂಡಿ, ಖಾತೆಯ ವಿಳಾಸ, ದಿನಾಂಕ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಅನಂತರ ಕಂಪನಿಗೆ ‘ರಿಪೋರ್ಟ್’ ಮಾಡಿ. ಖಾತೆಯ ಹೆಸರನ್ನು ಆಮೇಲೆ ಬದಲಿಸಬಹುದಾದ್ದರಿಂದ ಕೊಂಡಿ ಇಲ್ಲದ ಸ್ಕ್ರೀನ್‌ಶಾಟ್‌ಗೆ ಬಲ ಕಡಿಮೆ.

ದೂರು ಕೊಡಲು ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗಳಿವೆ. ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು, ಹಣವೂ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಪ್ರಕರಣ ನ್ಯಾಯಾಲಯಕ್ಕೆ ಹೋದಾಗ ಮುದ್ರಿಸಿದ ಸ್ಕ್ರೀನ್‌ಶಾಟ್ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಮತ್ತು ಅದರಲ್ಲಿ ದಾಖಲೆ ಯಾವ ಸಾಧನದಿಂದ ಬಂತು ಎಂಬುದನ್ನು ನಮೂದಿಸಬೇಕಾಗುತ್ತದೆ. ಹಾಗಾಗಿ ಸ್ಕ್ರೀನ್‌ಶಾಟ್ ತೆಗೆದ ಫೋನನ್ನು ಮಾರದೆ, ರೀಸೆಟ್ ಮಾಡದೆ, ಆ ಚಿತ್ರಗಳನ್ನು ಕತ್ತರಿಸದೆ ಮತ್ತು ಮೇಲೆ ಗೀಚದೆ, ಇದ್ದ ಹಾಗೆಯೇ ಠಾಣೆಗೆ ತೆಗೆದುಕೊಂಡು ಹೋಗಿ.