ಕರೆಂಟ್ ಕೊಟ್ಟ ಗಂಟಲಿನ ಆಪರೇಶನ್: ನನ್ನ ಅನುಭವ

ಕಾಸರಗೋಡಿನಲ್ಲಿ ಗಂಟಲು, ಕುತ್ತಿಗೆಯ ಕ್ಯಾನ್ಸರ್ ಆಪರೇಶನ್ ಮಾಡುವ ಡಾಕ್ಟರ್ ನಾನು. ಬರುವವರಲ್ಲಿ ಕೆಲವರಿಗೆ ಮೊದಲೇ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ (ರೇಡಿಯೇಶನ್), ಕೊಟ್ಟು ಮುಗಿದಿರುತ್ತದೆ. ಏಳು ವಾರ, ಸುಮಾರು 70 ಗ್ರೇ (ಗ್ರೇ ಎಂದರೆ ವಿಕಿರಣದ ಡೋಸಿನ ಅಳತೆ). ಆಮೇಲೆ ಸ್ವರ ಮತ್ತೆ ಒಡೆಯುತ್ತದೆ, ನುಂಗುವಾಗ ಕಿವಿಗೆ ನೋವು ಹೊಡೆಯುತ್ತದೆ. ಕ್ಯಾನ್ಸರ್ ಮರಳಿ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದೊಳಗೇ.

ಪೆರ್ಲ ಕಡೆಯ ಅಡಿಕೆ ಕೃಷಿಕರೊಬ್ಬರು ಹಾಗೆಯೇ ಬಂದರು. ಕರೆಂಟಿನಿಂದಲೂ ಗಂಟಲು ಊದುತ್ತದೆ, ಸುಮ್ನೆ ನೋಡಿ ಹೇಳಲಿಕ್ಕಾಗುವುದಿಲ್ಲ. ಸ್ಕ್ಯಾನ್ ಮಾಡಿಸಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿದೆ. ಕ್ಯಾನ್ಸರೇ ಆಗಿತ್ತು. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು ಎಂದೆ.

"ಡಾಕ್ಟ್ರೇ, ಇನ್ನೊಮ್ಮೆ ಕರೆಂಟ್ ಕೊಟ್ರೆ ಆಗ್ಲಿಕ್ಕಿಲ್ವಾ?"

ಎಲ್ಲರೂ ಕೇಳುವ ಪ್ರಶ್ನೆ. ಅದೇ ಜಾಗಕ್ಕೆ ಅಷ್ಟೇ ಡೋಸ್ ಮತ್ತೆ ಕೊಟ್ಟರೆ ಒಳ್ಳೆಯ ಭಾಗವೂ ಸಾಯುತ್ತದೆ. ತೆಗೆಯಲು ಆಗುವಂತಿದ್ದರೆ ಆಪರೇಶನ್ನೇ ಸರಿ.

ಇಲ್ಲಿ ತೆಗೆಯುವುದಕ್ಕಿಂತ ಗಾಯ ಮಾಗಿಸುವುದು ಕಷ್ಟ. ಕರೆಂಟ್ ತಾಗಿದ ಕಡೆ ಸಣ್ಣ ರಕ್ತನಾಳಗಳು ಮುಚ್ಚಿರುತ್ತವೆ. ಒಳಗಿನ ಹೊಲಿಗೆ ಬಿಟ್ಟರೆ ಎಂಜಲು ಸೋರಿ ಕುತ್ತಿಗೆಯ ಚರ್ಮದಿಂದ ಹೊರಗೆ ಬರುತ್ತದೆ. ಅದು ದೊಡ್ಡ ರಕ್ತನಾಳಕ್ಕೆ ತಾಗಿದರೆ ಜೀವಕ್ಕೇ ಅಪಾಯ. ಅದಕ್ಕೇ ನಾನು ಎದೆಯ ಸ್ನಾಯುವನ್ನು ಅದರ ರಕ್ತನಾಳದ ಜತೆಗೇ ಬಿಡಿಸಿ, ಕೊರಳೆಲುಬಿನ ಮೇಲೆ ಚರ್ಮದಡಿಯಿಂದ ತಂದು, ಹೊಲಿಗೆಯ ಮೇಲೆ ಹೊದಿಸುತ್ತೇನೆ. ಕರೆಂಟ್ ಕಾಣದ ಆ ಸ್ನಾಯು ರಕ್ತ ತರುತ್ತದೆ. ಆಪರೇಶನ್ ಸ್ವಲ್ಪ ಉದ್ದವಾಗುತ್ತದೆ, ಆಗಲಿ. ಥೈರಾಯ್ಡ್ ಕೂಡ ಮೊದಲೇ ನೋಡುತ್ತೇನೆ. ಕರೆಂಟಿನಿಂದ ಅದರ ಕೆಲಸ ಕುಗ್ಗಿದ್ದರೆ ಗಾಯ ಬೇಗ ಒಣಗದು.

ಆಮೇಲೆ ಮೂಗಿನ ನಳಿಗೆಯಲ್ಲೇ ಊಟ. ಕರೆಂಟ್ ಕೊಡದ ರೋಗಿಗಳಿಗೆ ವಾರ, ಹತ್ತು ದಿನಕ್ಕೆ ಬಾಯಿಗೆ ಕೊಡುತ್ತೇವೆ. ಇವರಿಗೆ ಎರಡು ವಾರವಾದರೂ ಕಾಯುತ್ತೇನೆ. "ಒಂದು ಚಮಚ ಗಂಜಿತಿಳಿ ಆದ್ರೂ?" ಎಂದು ಅವರ ಹೆಂಡತಿ ದಿನಾ ಕೇಳುತ್ತಿದ್ದರು. ಬೇಡಮ್ಮಾ ಎನ್ನಲು ನನಗೂ ಸಂಕಟ. ಔಷಧಿ ಕುಡಿಸಿ ಎಕ್ಸ್‌ರೇ ತೆಗೆದೆ. ಸೋರಿಕೆ ಕಾಣಲಿಲ್ಲ. ಅದಾದ ಮೇಲೇ ಗಂಜಿತಿಳಿ.

ಮಾತಿಗೆ ಶ್ವಾಸನಾಳ, ಅನ್ನನಾಳದ ನಡುವೆ ಸಣ್ಣ ವಾಲ್ವ್ ಕೂರಿಸುತ್ತೇವೆ. ಧ್ವನಿಪೆಟ್ಟಿಗೆ ತೆಗೆದ ಮೇಲೆ ಉಸಿರಾಡಲು ಕುತ್ತಿಗೆಯಲ್ಲಿ ಮಾಡಿದ ತೂತನ್ನು ಬೆರಳಿನಿಂದ ಮುಚ್ಚಿದರೆ ಉಸಿರು ಗಂಟಲಿಗೆ ಹೋಗಿ ಸ್ವರ ಬರುತ್ತದೆ. ಬೆಂಗಳೂರಿನ ಡಾ. ವಿಶಾಲ್ ರಾವ್ ಸುಮಾರು 50 ರೂಪಾಯಿಯ 'ಔಮ್' ವಾಲ್ವ್ ರೂಪಿಸಿದ್ದು ಬಡವರ ಮಟ್ಟಿಗೆ ದೊಡ್ಡ ಕೆಲಸ. ನೀರು ಕುಡಿದಾಗ ಕೆಮ್ಮು ಬಂದರೆ ವಾಲ್ವ್ ಸೋರುತ್ತಿದೆ ಎಂದು ಅನುಮಾನಿಸಬೇಕು. ಕೂಡಲೇ ತೋರಿಸಿ.

ತೋಟದವರಿಗೆ ನಾನು ಜಾಸ್ತಿ ಒತ್ತಿ ಹೇಳುವುದು ಇಷ್ಟು: ಕೆರೆಗೆ ಇಳಿಯಬೇಡಿ, ಅಡಿಕೆಗೆ ಮದ್ದು ಸಿಂಪಡಿಸುವಾಗ ಹತ್ತಿರ ನಿಲ್ಲಬೇಡಿ, ತೂತಿಗೆ ಸದಾ ತೆಳು ಬಟ್ಟೆಯ ಮರೆ ಇರಲಿ. ಇನ್ನೊಂದು, ಕಿಸೆಯಲ್ಲಿ ಚೀಟಿ. ಉಸಿರಾಟ ಕುತ್ತಿಗೆಯಿಂದ ಮಾತ್ರ, ಆಕ್ಸಿಜನ್ ಮೂಗಿಗಲ್ಲ, ಕುತ್ತಿಗೆಯ ತೂತಿಗೆ ಕೊಡಿ ಎಂದು ಕನ್ನಡ, ಮಲಯಾಳ ಎರಡರಲ್ಲೂ ಬರೆಸಿ ಕೊಡುತ್ತೇನೆ.