ವಾರಕ್ಕೆ ಎಷ್ಟು ಎಣ್ಣೆ? ಕೇಳುವುದನ್ನು ನಾನು ಕಲಿತದ್ದು

ನಾನು ತುಂಬಿಕೊಟ್ಟ ಫಾರಂಗಳನ್ನು ತಿರುವಿ ಹಾಕುತ್ತಾ ಮೇಲ್ವಿಚಾರಕರು ಕೇಳಿದರು: "ಈ ಊರಲ್ಲಿ ಎಲ್ಲರ ಮನೆಯಲ್ಲೂ ವಾರಕ್ಕೆ ಸರಿಯಾಗಿ ಕಾಲು ಕೆಜಿ ಎಣ್ಣೆನೇ ಖರ್ಚಾಗುತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪು ನನ್ನದೇ. 2011ರ ಜುಲೈನಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ, ಅಂದರೆ ದೇಶದ ಬಡತನದ ಲೆಕ್ಕಕ್ಕೆ ಆಧಾರವಾಗುವ ಸರ್ಕಾರಿ ಸಮೀಕ್ಷೆಯ, 68ನೇ ಸುತ್ತು ಶುರುವಾಗಿತ್ತು. ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಮನೆಖರ್ಚಿನ ಲೆಕ್ಕ ಬರೆದುಕೊಳ್ಳುವುದು ನನ್ನ ಕೆಲಸ. ಒಂದು ಬಗೆಯ ಫಾರಂನಲ್ಲಿ ಅಕ್ಕಿ, ಜೋಳ, ಬೇಳೆ, ಹಾಲಿನ ಲೆಕ್ಕವನ್ನು ಕಳೆದ 30 ದಿನಕ್ಕೆ ಕೇಳಬೇಕು. ಎಣ್ಣೆ, ತರಕಾರಿ, ಮೊಟ್ಟೆ, ಮಾಂಸ, ಹಣ್ಣಿನದನ್ನು ಕಳೆದ 7 ದಿನಕ್ಕೆ. ಜನ "ತಿಂಗಳಿಗೆ ಒಂದು ಕೆಜಿ" ಅಂದುಬಿಡುತ್ತಿದ್ದರು. ನಾನು ಸುಮ್ನೆ ನಾಲ್ಕರಿಂದ ಭಾಗಿಸಿ ಬರೆದುಬಿಡುತ್ತಿದ್ದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ಆಂಗಸ್ ಡೀಟನ್ ಹೆಸರು ಕೇಳಿದ್ದೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾಠ ಮಾಡಿದ ಅರ್ಥಶಾಸ್ತ್ರಜ್ಞ. ಆಗ ಪರೀಕ್ಷೆಗೆ ಓದಿ ಮರೆತಿದ್ದ ಟಿಪ್ಪಣಿಗಳನ್ನು ಈಗ ಹುಡುಕಿ ತೆಗೆದೆ.

1990ರ ದಶಕದಲ್ಲಿ ಇದೇ ಸಮೀಕ್ಷೆಯಲ್ಲಿ ಒಂದು ಪ್ರಯೋಗ ನಡೆದಿತ್ತು. ಕೆಲವು ಮನೆಗಳಿಗೆ ಹಳೇ ಫಾರಂ, ಊಟದ ಖರ್ಚು 30 ದಿನಕ್ಕೆ. ಉಳಿದವಕ್ಕೆ ಹೊಸ ಫಾರಂ, ಊಟದ ಖರ್ಚು 7 ದಿನಕ್ಕೆ. ಹೊಸ ಫಾರಂನಲ್ಲಿ ಖರ್ಚು ಜಾಸ್ತಿ ಬಂತು. ಒಂದು ಮಿತಿಗಿಂತ ಕಮ್ಮಿ ಖರ್ಚು ಮಾಡುವವರನ್ನೇ ಬಡವರು ಅಂತ ಎಣಿಸುವುದರಿಂದ, ಆ ಲೆಕ್ಕದಲ್ಲಿ ದೇಶದ ಬಡವರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು! ಯಾರ ತಟ್ಟೆಗೂ ಒಂದು ತುತ್ತು ಹೆಚ್ಚು ಬಿದ್ದಿರಲಿಲ್ಲ. ಪ್ರಶ್ನೆ ಬದಲಾಗಿತ್ತು, ಅಷ್ಟೇ.

1999-2000ರ ಸುತ್ತಿನಲ್ಲಿ ಇನ್ನೊಂದು ಎಡವಟ್ಟಾಯಿತು. ಒಂದೇ ಮನೆಯವರಿಗೆ ವಾರದ್ದನ್ನೂ ತಿಂಗಳದ್ದನ್ನೂ ಪಕ್ಕಪಕ್ಕದ ಕಾಲಂಗಳಲ್ಲಿ ಕೇಳಿದರು. ಒಂದು ಉತ್ತರ ಇನ್ನೊಂದನ್ನು ಎಳೆಯಿತು. ಬಡತನ ಶೇ. 36ರಿಂದ 26ಕ್ಕೆ ಇಳಿದಿದೆ ಅಂತ ಸರ್ಕಾರದ ಲೆಕ್ಕ ಹೇಳಿತು, ಆದರೆ ಹಿಂದಿನ ಸುತ್ತಿನ ಜೊತೆ ಅದನ್ನು ಹೋಲಿಸುವ ಹಾಗೇ ಇರಲಿಲ್ಲ. ಡೀಟನ್ ಇದನ್ನು ಸರಿಮಾಡಿದ ರೀತಿ ನನಗೆ ಇವತ್ತಿಗೂ ಬಹಳ ಇಷ್ಟ. ಸೌದೆ, ಸೀಮೆಎಣ್ಣೆ, ಕರೆಂಟಿನಂಥ ಕೆಲವು ಖರ್ಚುಗಳನ್ನು ಮೊದಲಿನಿಂದಲೂ 30 ದಿನಕ್ಕೇ ಕೇಳುತ್ತಾ ಬಂದಿದ್ದರು. ಆ ಕೆಡದೆ ಉಳಿದ ಅಂಕಿಗಳನ್ನು ಹಿಡಿದು ಒಟ್ಟು ಖರ್ಚನ್ನು ಅಂದಾಜು ಮಾಡಿದರು. ಬಡತನ ಇಳಿದಿದ್ದು ನಿಜ, ಆದರೆ ಸರ್ಕಾರ ಹೇಳಿದಷ್ಟಲ್ಲ ಅಂತ ತೋರಿಸಿದರು. ಬಳಕೆ, ಬಡತನ, ಜನರ ಕ್ಷೇಮದ ಬಗ್ಗೆ ಮಾಡಿದ ಕೆಲಸಕ್ಕೆ 2015ರಲ್ಲಿ ಅವರಿಗೆ ನೊಬೆಲ್ ಬಂದಾಗ ನನ್ನ ಮನೆಯವರಿಗೇ ಬಂದಷ್ಟು ಖುಷಿಯಾಗಿತ್ತು.

ಮರುದಿನದಿಂದ ಕೇಳುವ ರೀತಿ ಬದಲಾಯಿಸಿದೆ. ಕಟ್ಟೆ ಮೇಲೆ ಕೂತ ಗಂಡಸರ ಉತ್ತರಕ್ಕೇ ನಿಲ್ಲಿಸದೆ ಅಡುಗೆಮನೆ ಬಾಗಿಲವರೆಗೂ ಹೋದೆ. "ಏಳು ದಿನ" ಅಂದರೆ ಯಾರಿಗೂ ನೆನಪಾಗದು. "ಹೋದ ಸಂತಿ ದಿನದಿಂದ ಇವತ್ತಿನ ತನಕ" ಅಂದರೆ ಎಲ್ಲ ನೆನಪಾಗುತ್ತೆ. ಅಂಗಡಿಯ ಉದ್ರಿ ಪುಸ್ತಕ ಇದ್ದರೆ ತರಿಸಿ ನೋಡಿದೆ. ಕೊಂಡದ್ದು ಬೇರೆ, ಖರ್ಚಾದದ್ದು ಬೇರೆ. ಹಾಗಾಗಿ ಎಣ್ಣೆ ಡಬ್ಬಿಯನ್ನೇ ತೋರಿಸಿ ಅಂತಿದ್ದೆ. ಮೊದಲು ಒಂದು ಮನೆಗೆ ಮುಕ್ಕಾಲು ಗಂಟೆ ಸಾಕಾಗುತ್ತಿತ್ತು, ಈಗ ಎರಡು ಗಂಟೆ ಹಿಡಿಯಿತು. ಒಂದು ಮನೆಯಲ್ಲಿ ವಾರಕ್ಕೆ 150 ಗ್ರಾಂ, ಪಕ್ಕದ ಮನೆಯಲ್ಲಿ ಅರ್ಧ ಕೆಜಿ. ನಿಜವಾದ ಊರು ಹಾಗೇ ಇರುತ್ತೆ, ಅಲ್ವಾ?

ಒಬ್ಬ ಅಕ್ಕನ ಮನೆ ಮರೆಯಲಾರೆ. ನನಗೆ ನೀರು ಕೊಟ್ಟು ಗೋಡೆ ಹಿಡಿದೇ ಕೂತರು. ಉಗುರು, ಕಣ್ಣಿನ ಒಳಗೆ ಎಲ್ಲ ಬಿಳಿಚಿತ್ತು. ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಕಡೆ ಇಳಿಸುತ್ತಾರಂತೆ. ಆದರೂ "ಆರಾಮ ಅದೀರಾ ಅಕ್ಕಾ?" ಅಂದರೆ "ಆರಾಮ ಅದೀನಿ ತಮ್ಮಾ, ನಮಗೇನಾಗೇತಿ" ಅಂತ ನಕ್ಕರು.

ಡೀಟನ್, ಇನ್ನಿಬ್ಬರು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಜೊತೆ ಸೇರಿ ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಕಂಡದ್ದೂ ಇದನ್ನೇ. ರಕ್ತ ಕಮ್ಮಿ, ತೂಕ ಕಮ್ಮಿ. ನರ್ಸ್ ಇರಬೇಕಾದ ಹೊತ್ತಿಗೆ ಹೋದರೂ ಆರೋಗ್ಯ ಉಪಕೇಂದ್ರಗಳು ಅರ್ಧಕ್ಕಿಂತ ಹೆಚ್ಚು ಸಲ ಬಾಗಿಲು ಹಾಕಿದ್ದವು. ಆದರೂ ಜನ ತಮ್ಮ ಆರೋಗ್ಯ ಪರವಾಗಿಲ್ಲ ಅಂತಲೇ ಹೇಳಿದರು. ಬರೀ ಕೇಳಿದರೆ ಸಾಲದು, ಅಳೆದೂ ನೋಡಬೇಕು ಅಂತ ಅವರು ರಕ್ತ ಪರೀಕ್ಷೆ ಮಾಡಿ, ತೂಕ ತೆಗೆದುಕೊಂಡಿದ್ದರು. ನನ್ನ ಚೀಲದಲ್ಲಿ ಫಾರಂ, ಪೆನ್ನು ಬಿಟ್ಟರೆ ಏನೂ ಇರಲಿಲ್ಲ. ನಮ್ಮ ಫಾರಂ ಮನೆಯ ಒಟ್ಟು ಖರ್ಚನ್ನು ತಲೆಗಳಿಂದ ಭಾಗಿಸುತ್ತೆ. ಕೊನೆಗೆ ಉಣ್ಣುವ ಹೆಂಗಸಿನ ಪಾಲೆಷ್ಟು ಅನ್ನೋದು ಅದರಲ್ಲಿ ಕಾಣುವುದಿಲ್ಲ. ಭಾರತದಲ್ಲಿ ಗಂಡಸರ ಎತ್ತರ ಹೆಚ್ಚಿದ ವೇಗದಲ್ಲಿ ಹೆಂಗಸರ ಎತ್ತರ ಹೆಚ್ಚಿಲ್ಲ ಅಂತ ಡೀಟನ್ ಬರೆದದ್ದನ್ನು ಓದಿದಾಗೆಲ್ಲ ಆ ಅಕ್ಕನೇ ಕಣ್ಣ ಮುಂದೆ ಬರುತ್ತಾರೆ.

ಆಸ್ಪತ್ರೆ ಖರ್ಚಿನ ಪುಟ ತುಂಬಿದೆ. ಸೂಜಿ, ಗುಳಿಗೆ ಅಂತ ಆ ತಿಂಗಳು ಗಂಡನಿಗೆ, ಮಗನಿಗೆ ಖರ್ಚು ಮಾಡಿದ್ದರು. ಆ ಅಕ್ಕ ತನಗಾಗಿ ಏನೂ ಖರ್ಚು ಮಾಡಿರಲಿಲ್ಲ. ಬರೆದದ್ದನ್ನೆಲ್ಲ ಓದಿ ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದ್ದೆ. ಹಿಂದಿನಿಂದ ಕೂಗಿದರು.

"ತಮ್ಮಾ, ಮೊನ್ನೆ ಅಮಾಸಿಗೆ ಕರಗಡಬು ಮಾಡಿದ್ದೆ ನೋಡು, ಆ ಎಣ್ಣಿ ಬರಕೊಂಡ್ಯೇನು?"

ಬರೆದುಕೊಂಡಿರಲಿಲ್ಲ. ವಾಪಸ್ ಬಂದು ಕೂತು, ಫಾರಂ ಬಿಚ್ಚಿದೆ.