ಮಾರ್ಕ್ಸ್ ಭಯ ಕಮ್ಮಿ ಆಗೋ ಹಾಗೆ ಮಕ್ಕಳಿಗೆ ಗುರಿ ಇಟ್ಕೊಡೋದು ಹೇಗೆ

ವಿಜಯನಗರದಲ್ಲಿ ಮನೇಲೇ ಎಂಟು, ಒಂಬತ್ತನೇ ಕ್ಲಾಸ್ ಮಕ್ಕಳಿಗೆ ಮ್ಯಾತ್ಸ್ ಟ್ಯೂಷನ್ ಹೇಳ್ಕೊಡ್ತೀನಿ. ಒಬ್ಳು ಹುಡುಗಿ ಟೆಸ್ಟ್ ಪೇಪರ್ ತಂದಾಗೆಲ್ಲ ಮಾರ್ಕ್ಸ್ ಇರೋ ಮೂಲೆನ ಮಡಚಿ ಮಡಚಿ ಉಗುರಲ್ಲಿ ತೀಡಿರ್ತಿದ್ಳು, ಟೆಸ್ಟ್ ದಿನ ಬೆಳಿಗ್ಗೆ ಹೊಟ್ಟೆನೋವು ಬೇರೆ. ಚೆನ್ನಾಗೇ ಓದೋ ಮಗು, ಆದ್ರೆ ತಲೇಲಿ ಇದ್ದಿದ್ದು ಒಂದೇ, ಎಲ್ಲರಿಗಿಂತ ಕಮ್ಮಿ ಬರ್ಬಾರ್ದು.

ಪೆಕ್ರುನ್, ಎಲಿಯಟ್, ಮೇಯರ್ ಅನ್ನೋ ಸೈಕಾಲಜಿಸ್ಟ್‌ಗಳು 2006ರಲ್ಲಿ ಇದನ್ನೇ ನೋಡಿದ್ರು. ವಿಷಯ ಅರ್ಥ ಆಗ್ಬೇಕು ಅಂತ ಓದೋರಿಗೆ ಖುಷಿ, ಭರವಸೆ, ಹೆಮ್ಮೆ ಜಾಸ್ತಿ, ಬೋರು ಸಿಟ್ಟು ಕಮ್ಮಿ. ಬೇರೆಯವರಿಗಿಂತ ಮುಂದೆ ಇರ್ಬೇಕು ಅನ್ನೋರಿಗೆ ಹೆಮ್ಮೆ ಜಾಸ್ತಿ. ಹಿಂದೆ ಬೀಳ್ಬಾರ್ದು ಅಂತ ಓದೋರಿಗೆ ಭಯ, ನಾಚಿಕೆ, ಕೈಲಾಗಲ್ಲ ಅನ್ನೋ ಹತಾಶೆ.

ಹಾಗಾಗಿ ಪೇಪರ್ ಮನೆಗೆ ಬಂದ ತಕ್ಷಣ ಎಷ್ಟು ಬಂತು, ಅವನಿಗೆಷ್ಟು ಅಂತ ಕೇಳ್ಬೇಡಿ. ಊಟ ಆದ್ಮೇಲೆ ಪಕ್ಕದಲ್ಲಿ ಕೂತ್ಕೊಳಿ, ತಪ್ಪಾಗಿರೋ ಲೆಕ್ಕ ಮಾತ್ರ ತೆಗೀರಿ, ಎಲ್ಲಿವರೆಗೂ ಸರಿ ಇತ್ತು ಅಂತ ಮಗುನೇ ಪೆನ್ಸಿಲಲ್ಲಿ ಗೆರೆ ಹಾಕ್ಲಿ, ನೀವು ಬಾಯಿ ಹಾಕ್ಬೇಡಿ (ಇದೇ ಕಷ್ಟ, ನಂಗೂನೂ). ಆ ಹುಡುಗಿದು ಐದು ಲೆಕ್ಕ ತಪ್ಪಾಗಿತ್ತು, ಗೆರೆ ಹಾಕ್ತಾ ಹೋದ್ರೆ ಅದ್ರಲ್ಲಿ ಮೂರು, ಬ್ರ್ಯಾಕೆಟ್ ಮುಂದೆ ಮೈನಸ್ ಇದ್ದಾಗ ಒಳಗಿನ ಸೈನ್ ಬದಲಾಯಿಸದೆ ಬಿಟ್ಟಿದ್ದು. "ಇಷ್ಟೇನಾ ಮಿಸ್?" ಅಂದ್ಳು, ಆ ಮುಖ ನೋಡ್ಬೇಕಿತ್ತು ನೀವು.

ಆಮೇಲೆ ಒಂದು ವಾರಕ್ಕೆ ಒಂದೇ ಗುರಿ, ಅದೂ ಮಗು ಕೈಲಿ ಆಗೋವಂಥದ್ದು. "ಈ ಸಲ ತೊಂಬತ್ತು ತಗೋ" ಬೇಡ, "ಈ ವಾರ ಮೈನಸ್ ಬ್ರ್ಯಾಕೆಟ್ ಬಿಡಿಸೋದು ಕಲ್ತ್ಕೋ" ಅನ್ನಿ. "ತಪ್ಪು ಮಾಡ್ಬೇಡ" ಅಂತ ಮಾತ್ರ ಅನ್ಬೇಡಿ, ಅದು ಮತ್ತೆ ಅದೇ ಭಯದ ಗುರಿ. ದಿನಾ ನಾಲ್ಕು ಲೆಕ್ಕ ಸಾಕು. ಫ್ಯಾಮಿಲಿ ಗ್ರೂಪಲ್ಲಿ ಮಾರ್ಕ್ಸ್ ಹಾಕೋದು ನಿಲ್ಸಿ, ಜಾಸ್ತಿ ಬಂದಾಗ್ಲೂ.

ಮಾರ್ಕ್ಸ್ ಮುಖ್ಯ ಅಲ್ಲ ಅಂತ ಸುಳ್ಳು ಹೇಳೋಕೂ ಹೋಗ್ಬೇಡಿ, ಎಸ್ಸೆಸ್ಸೆಲ್ಸಿ ಬಂದ್ರೆ 625ಕ್ಕೆ ಎಷ್ಟು ಅಂತ ಬೀದಿಯೆಲ್ಲಾ ಕೇಳತ್ತೆ, ಮಕ್ಕಳಿಗೆ ಗೊತ್ತಿಲ್ವಾ?

ಇಷ್ಟೆಲ್ಲ ಮಾಡಿದ್ರೂ ಹೊಟ್ಟೆನೋವು, ನಿದ್ದೆ ಬರ್ದೇ ಇರೋದು ವಾರಗಟ್ಲೆ ಹಾಗೇ ಇದ್ರೆ ಡಾಕ್ಟರ್ ಹತ್ರ ತೋರ್ಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ನಿಮ್ಹಾನ್ಸಲ್ಲಿ ಮಕ್ಕಳಿಗೇ ಅಂತ ಬೇರೆ ವಿಭಾಗ ಇದೆ.